ಖಂಜಿರ ನುಡಿಸುವುದು ಹೇಗೆ: ನೀರಿನಿಂದ ಶುರುವಾಗುವ ಪಾಠ

ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ನುಡಿಸುವ ಪುಟ್ಟ ಚರ್ಮವಾದ್ಯ ಖಂಜಿರ. ಅದನ್ನು ಮೊದಲ ಸಲ ಕೈಗೆತ್ತಿಕೊಂಡು ತಟ್ಟಿ ನೋಡಿದವರಿಗೆ ಸಾಮಾನ್ಯವಾಗಿ ನಿರಾಸೆಯೇ ಆಗುತ್ತದೆ. ಕಛೇರಿಯಲ್ಲಿ ಕೇಳಿದ್ದ ಆ ‘ಗುಂ’ ಎನ್ನುವ ತುಂಬು ನಾದ ಬರುವುದಿಲ್ಲ. ಬದಲಿಗೆ ಟಣ್ ಟಣ್ ಎಂದು ತಗಡು ಬಡಿದ ಸದ್ದು. ವಾದ್ಯವೂ ಕೆಟ್ಟಿಲ್ಲ, ಕೈಯೂ ಕೆಟ್ಟಿಲ್ಲ. ಚರ್ಮ ಒಣಗಿದೆ, ಅಷ್ಟೆ. ಖಂಜಿರ ಕಲಿಯುವವರು ಬೆರಳಿಗಿಂತ ಮೊದಲು ನೀರನ್ನು ಕಲಿಯಬೇಕು ಎನ್ನುವುದು ಅದಕ್ಕೇ. ಚರ್ಮ ಹದಕ್ಕೆ ಬರದೆ ಆರು ತಿಂಗಳು ಸಾಧಕ (ಅಭ್ಯಾಸ) ಮಾಡಿದರೆ, ಬಾರದ ನಾದವನ್ನು ಹೊರಡಿಸಲು ಜೋರಾಗಿ ಬಡಿಯುವ ಅಭ್ಯಾಸವೊಂದು ಅಂಟಿಕೊಳ್ಳುತ್ತದೆ. ಆಮೇಲೆ ಅದನ್ನು ಬಿಡಿಸುವುದು ಕಷ್ಟ.

ಈ ಬರಹ ಕರ್ನಾಟಕ ಸಂಗೀತದ ಖಂಜಿರದ ಬಗ್ಗೆ. ಭಜನೆಯಲ್ಲಿ ಅಲ್ಲಾಡಿಸುವ ಗೆಜ್ಜೆ ಚೌಕಟ್ಟಾಗಲಿ, ಪಾಶ್ಚಾತ್ಯ ವಾದ್ಯಮೇಳದ ಟ್ಯಾಂಬೊರಿನ್ ಆಗಲಿ ಇದರ ನೆಂಟರು ಹೌದು, ಆದರೆ ಅಲ್ಲಿ ಲೋಹದ ಬಿಲ್ಲೆಗಳದ್ದೇ ಕಾರುಬಾರು. ಟ್ಯಾಂಬೊರಿನ್‌ನ ಸುತ್ತಲೂ ಜೋಡಿ ಜೋಡಿ ಬಿಲ್ಲೆಗಳಿರುತ್ತವೆ. ಖಂಜಿರದಲ್ಲಿ ಇರುವುದು ಒಂದೇ ಸೀಳು, ಅದರಲ್ಲಿ ಮೂರೋ ನಾಲ್ಕೋ ಬಿಲ್ಲೆ. ಇಲ್ಲಿ ಮಾತಾಡಬೇಕಾದದ್ದು ಚರ್ಮ. ಉತ್ತರ ಕರ್ನಾಟಕದ ತತ್ವಪದಕಾರರ ಕೈಯಲ್ಲಿರುವ ದಮ್ಮಡಿಯೂ ಇದೇ ಕುಲದ್ದು.

ಜಾನಪದದ ಈ ಪುಟ್ಟ ವಾದ್ಯವನ್ನು 19ನೇ ಶತಮಾನದ ಕೊನೆಯ ಭಾಗದಲ್ಲಿ ಶಾಸ್ತ್ರೀಯ ವೇದಿಕೆಗೆ ತಂದ ಶ್ರೇಯ ತಮಿಳುನಾಡಿನ ಪುದುಕೋಟೆಯ ಮಾನ್ಪೂಂಡಿಯಾ ಪಿಳ್ಳೆ ಅವರದು. ಅವರ ಶಿಷ್ಯ ದಕ್ಷಿಣಾಮೂರ್ತಿ ಪಿಳ್ಳೆ ಅದನ್ನು ಬೆಳೆಸಿದರು. ಒಂದೇ ಕೈಯಲ್ಲಿ ಮೃದಂಗದ ಎರಡು ಕೈಯ ವೇಗ ಸಾಧ್ಯ ಎಂದು ಎಲ್ಲರಿಗೂ ಮನಗಾಣಿಸಿದವರು ಜಿ. ಹರಿಶಂಕರ್ (1958–2002). ಕಲಿಯಲು ಕೂರುವ ಮೊದಲು ಅವರ ತನಿ ಆವರ್ತನದ (ಕಛೇರಿಯಲ್ಲಿ ತಾಳವಾದ್ಯಗಳು ಮಾತ್ರ ನುಡಿಸುವ ಭಾಗ) ಒಂದೆರಡು ಧ್ವನಿಮುದ್ರಣ ಕೇಳಿಕೊಳ್ಳಿ. ನಮ್ಮ ಬೆಂಗಳೂರಿನವರಲ್ಲಿ ಎನ್. ಅಮೃತ್, ಜಿ. ಗುರುಪ್ರಸನ್ನ ಅವರನ್ನು ಕೇಳಿ. ಕಿವಿಯಲ್ಲಿ ನಾದ ಕೂರದೆ ಕೈಯಲ್ಲಿ ಹುಟ್ಟುವುದಿಲ್ಲ.

ವಾದ್ಯ ಆರಿಸುವಾಗ

ಹಲಸಿನ ಮರದ ಬಳೆ, ಒಂದು ಬದಿಗೆ ಚರ್ಮ, ಇನ್ನೊಂದು ಬದಿ ಖಾಲಿ. ಅಡ್ಡಳತೆ ಹೆಚ್ಚುಕಡಿಮೆ 7ರಿಂದ 9 ಅಂಗುಲ, ಬಳೆಯ ಅಗಲ 2ರಿಂದ 4 ಅಂಗುಲ. ಹೊಸಬರು, ಅದರಲ್ಲೂ ಸಣ್ಣ ಕೈಯವರು, 7 ಅಂಗುಲದ ಆಸುಪಾಸಿನ, ಅಗಲ ಕಡಿಮೆ ಇರುವ ಬಳೆಯನ್ನೇ ಆರಿಸಿಕೊಳ್ಳಿ. ಅಗಲ ಜಾಸ್ತಿಯಾದರೆ ಎಡಗೈ ಬೆರಳು ಬಳೆಯನ್ನು ಬಳಸಿ ಚರ್ಮದ ಅಂಚು ಮುಟ್ಟುವುದೇ ಇಲ್ಲ. ಮುಟ್ಟದಿದ್ದರೆ ನಾದವನ್ನು ಏರಿಳಿಸುವ ಅರ್ಧ ವಿದ್ಯೆಯೇ ಕೈತಪ್ಪಿದ ಹಾಗೆ.

ಅಂಗಡಿಯಲ್ಲಿ ಅದನ್ನು ಬಾರಿಸಿ ನೋಡುವುದಕ್ಕಿಂತ ಬೆಳಕಿಗೆ ಹಿಡಿದು ನೋಡುವುದೇ ಹೆಚ್ಚು ಉಪಯೋಗ. ಒಣಗಿದ ಚರ್ಮದ ಸದ್ದು ಎಲ್ಲ ಖಂಜಿರದಲ್ಲೂ ಒಂದೇ ರೀತಿ ಕೆಟ್ಟದಾಗಿರುತ್ತದೆ. ಬಲ್ಬಿನ ಎದುರು ಹಿಡಿದರೆ ಚರ್ಮ ಎಲ್ಲ ಕಡೆ ಒಂದೇ ಸಮ ಬೆಳಕು ಬಿಡಬೇಕು. ಒಂದು ಕಡೆ ಕಪ್ಪಾಗಿ, ಇನ್ನೊಂದು ಕಡೆ ತೀರ ತೆಳ್ಳಗೆ ಕಂಡರೆ ನೀರು ಹಾಕಿದಾಗ ತೆಳು ಭಾಗ ಮೊದಲು ಸಡಿಲವಾಗಿ ನಾದ ಒಡೆಯುತ್ತದೆ. ಸೂಜಿಮೊನೆಯಷ್ಟು ಚುಕ್ಕೆಯಾಗಿ ಬೆಳಕು ಹಾಯ್ದು ಬಂದರೆ ಅದು ತೂತು; ಮುಟ್ಟಲೇಬೇಡಿ. ಆಮೇಲೆ ಬಳೆಯ ಅಡ್ಡಳತೆಯನ್ನು ಎರಡು ದಿಕ್ಕಿನಲ್ಲಿ ಅಳೆಯಿರಿ. ಹಸಿ ಮರದಲ್ಲಿ ಮಾಡಿದ ಬಳೆ ಒಣಗುತ್ತ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಚರ್ಮದ ಬಿಗಿ ಆಗ ಎಲ್ಲ ಕಡೆ ಸಮ ಇರುವುದಿಲ್ಲ. ಸೀಳಿನ ಎರಡು ತುದಿಯಲ್ಲಿ ಕೂದಲೆಳೆಯ ಬಿರುಕಿದೆಯೇ ಎಂದು ಉಗುರಾಡಿಸಿ ನೋಡಿ. ಬಳೆ ಬಿರುಕು ಬಿಡುವುದು ಬಹುಪಾಲು ಅಲ್ಲಿಂದಲೇ. ಬಿಲ್ಲೆಗಳ ಕಡ್ಡಿ ನೆಟ್ಟಗಿದ್ದರೆ, ಬಿಲ್ಲೆ ಸಲೀಸಾಗಿ ಆಡುತ್ತಿದ್ದರೆ ಸಾಕು.

ಇನ್ನು ಚರ್ಮ. ಹಿಂದೆಲ್ಲ ಖಂಜಿರ ಎಂದರೆ ಉಡದ ಚರ್ಮ. ತೆಳು, ಬಿಗಿ, ನೀರಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿ. ಅದರ ಚರ್ಮದ ವ್ಯಾಪಾರ ಅಪರಾಧ. ಶಿಕ್ಷೆ 3ರಿಂದ 7 ವರ್ಷ ಸೆರೆವಾಸ. ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಷೇಧವಿದೆ. ‘ಹಳೇ ಸ್ಟಾಕು, ಏನೂ ಆಗಲ್ಲ’ ಎಂದು ಯಾರಾದರೂ ಕೊಡಲು ಬಂದರೆ ಬೇಡ ಎನ್ನಿ. ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವವರಂತೂ ವಿಮಾನ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಳ್ಳುವ ಕೆಲಸ ಮಾಡಬೇಡಿ. ಆಡಿನ ಚರ್ಮದ್ದು ಸಿಗುತ್ತದೆ, ಸಿಂಥೆಟಿಕ್ ಹಾಳೆಯದ್ದೂ ಸಿಗುತ್ತದೆ. ಸಿಂಥೆಟಿಕ್‌ನಲ್ಲಿ ಕೆಲವಕ್ಕೆ ಬಳೆಯ ಸುತ್ತ ತಿರುಪು ಇರುತ್ತದೆ, ಬಿಗಿ ಸಡಿಲ ಮಾಡಿಕೊಳ್ಳಬಹುದು, ನೀರು ಬೇಕಿಲ್ಲ. ನಾದದ ತೂಕದಲ್ಲಿ ಆಡಿನ ಚರ್ಮವೇ ಮೇಲು. ದಿನನಿತ್ಯದ ಸಾಧಕಕ್ಕೆ, ಮಳೆಗಾಲಕ್ಕೆ, ಪ್ರವಾಸಕ್ಕೆ ಸಿಂಥೆಟಿಕ್ ನಿಶ್ಚಿಂತೆ. ಎರಡನ್ನೂ ಇಟ್ಟುಕೊಳ್ಳಲು ಆಗದಿದ್ದರೆ ಮೊದಲು ಆಡಿನದನ್ನೇ ಕೊಳ್ಳಿ. ನೀರಿನ ಹದ ಕಲಿಯುವ ದಾರಿ ಅದೊಂದೇ.

ನೀರು ಹಾಕುವ ಕ್ರಮ

ಖಂಜಿರವನ್ನು ಮೃದಂಗದ ಹಾಗೆ ಗಾಯಕರ ಶ್ರುತಿಗೆ ಕೂಡಿಸುವುದಿಲ್ಲ. ಬೇಕಾದದ್ದು ಮೃದಂಗದ ಎಡಬದಿಯ ನಾದಕ್ಕೆ ಹೊಂದುವಂಥ ಮಂದ್ರ, ಅಂದರೆ ತಗ್ಗಿನ ಸ್ವರ. ಒಣ ಚರ್ಮದ ಬಿಗಿ ಹೆಚ್ಚು, ಸ್ವರ ಮೇಲಿರುತ್ತದೆ. ನೀರು ಬಿದ್ದಾಗ ಚರ್ಮ ಹಿಗ್ಗಿ ಬಿಗಿ ಇಳಿಯುತ್ತದೆ, ಸ್ವರವೂ ಇಳಿಯುತ್ತದೆ. ತತ್ತ್ವ ಇಷ್ಟೇ. ತಪ್ಪೆಲ್ಲ ಆಗುವುದು ಅಳತೆಯಲ್ಲಿ ಮತ್ತು ಅವಸರದಲ್ಲಿ.

ನುಡಿಸಲು ಕೂರುವುದಕ್ಕೆ 20 ನಿಮಿಷ ಮೊದಲು ಖಂಜಿರವನ್ನು ಬೋರಲು ಮಾಡಿ, ಖಾಲಿ ಬದಿ ಮೇಲಿರುವಂತೆ ತೊಡೆಯ ಮೇಲಿಟ್ಟುಕೊಳ್ಳಿ. ಬೆರಳ ತುದಿ ನೀರಿಗೆ ಅದ್ದಿ, ಒಳಗಿನಿಂದ ಚರ್ಮದ ನಡುವಿಗೆ ಆರೆಂಟು ಹನಿ ಚಿಮುಕಿಸಿ. ಎರಡು ಬೆರಳಿನಿಂದ ಸುತ್ತು ಸುತ್ತಾಗಿ ಸವರುತ್ತ ಹೊರಗೆ ಬನ್ನಿ, ಆದರೆ ಬಳೆಗಿಂತ ಅರ್ಧ ಅಂಗುಲ ಮೊದಲೇ ನಿಲ್ಲಿಸಿ. ಚರ್ಮವನ್ನು ಮರಕ್ಕೆ ಹಿಡಿದಿರುವುದು ಅಂಟು. ಅಲ್ಲಿಗೆ ದಿನಾ ನೀರು ಇಳಿದರೆ ವರ್ಷ ತುಂಬುವುದರೊಳಗೆ ಅಂಚು ಏಳುತ್ತದೆ. ಹೊರಮೈಗೆ ನೀರು ಬೇಡವೇ ಬೇಡ. ಬೆರಳು ಅಂಟಿಕೊಂಡು ಪೆಟ್ಟು ಜಾರುವುದಿಲ್ಲ.

ಈಗ ಎರಡು ಮೂರು ನಿಮಿಷ ಸುಮ್ಮನಿರಿ. ಇದೇ ಕಷ್ಟದ ಘಟ್ಟ. ನೀರು ಚರ್ಮದೊಳಕ್ಕೆ ಇಳಿಯಲು ಹೊತ್ತು ಬೇಕು. ಹಾಕಿದ ಮರುಕ್ಷಣ ತಟ್ಟಿ ನೋಡಿ ‘ಸಾಲದು’ ಎಂದು ಮತ್ತೆ ಹಾಕುವವರೇ ಹೆಚ್ಚು. ಐದು ನಿಮಿಷ ಕಳೆದ ಮೇಲೆ ಎರಡೂ ಸಲದ ನೀರು ಒಟ್ಟಿಗೆ ಕೆಲಸ ಮಾಡಿ ಚರ್ಮ ಒದ್ದೆ ಬಟ್ಟೆಯಂತಾಗುತ್ತದೆ. ಕಾದ ಮೇಲೆ ತೋರುಬೆರಳಿಂದ ಒಂದು ಬಿಡಿಪೆಟ್ಟು (ತಟ್ಟಿ ಕೂಡಲೇ ಎತ್ತುವ ಪೆಟ್ಟು) ಹಾಕಿ ಕೇಳಿ. ಇನ್ನೂ ಟಣ್ ಎಂದರೆ ಮೊದಲಿನ ಅರ್ಧದಷ್ಟು ನೀರು, ಮತ್ತೆ ಎರಡು ನಿಮಿಷ. ಹೀಗೆ ಮೂರು ಸುತ್ತಿನಲ್ಲಿ ಹದಕ್ಕೆ ಬರಬೇಕು.

ಹದ ಬಂತೆಂದು ತಿಳಿಯುವುದು ಹೇಗೆ? ಬಿಡಿಪೆಟ್ಟಿಗೆ ‘ಗುಂ’ ಎಂದು ನಾದ ಹೊಮ್ಮಿ ಸ್ವಲ್ಪ ನಿಲ್ಲಬೇಕು. ಅದು ನಿಂತಿರುವಾಗಲೇ ಎಡಗೈ ಬೆರಳಿಂದ ಅಂಚಿನ ಹತ್ತಿರ ಒತ್ತಿದರೆ ನಾದ ‘ಊಂ’ ಎಂದು ಮೇಲೇರಬೇಕು. ಗುಂ ಬಂದು ಊಂ ಬಾರದಿದ್ದರೆ ನೀರು ಇನ್ನೂ ಕಡಿಮೆ. ಒತ್ತಿದರೂ ಏನೂ ಆಗದೆ ‘ದಬ್’ ಎಂದು ಸತ್ತ ಸದ್ದು ಬಂದರೆ ನೀರು ಹೆಚ್ಚಾಗಿದೆ. ಆಗ ಮಾಡುವುದೇನೂ ಇಲ್ಲ. ಒಣ ಬಟ್ಟೆಯಿಂದ ಒಳಗಿನ ತೇವ ಒತ್ತಿ ತೆಗೆದು 5ರಿಂದ 10 ನಿಮಿಷ ಗಾಳಿಗೆ ಬಿಡಬೇಕು. ಹೇರ್ ಡ್ರೈಯರ್ ಹಿಡಿದು ಅವಸರ ಮಾಡಿದರೆ ಮೇಲ್ಪದರ ಒಣಗಿ ಸೆಟೆದುಕೊಳ್ಳುತ್ತದೆ, ಒಳಪದರ ಹಸಿಯಾಗೇ ಇರುತ್ತದೆ, ಚರ್ಮ ಸೀಳುವುದು ಇಂಥ ಹೊತ್ತಿನಲ್ಲೇ. ವೇದಿಕೆ ಏರುವವರು ಎರಡು ಮೂರು ಖಂಜಿರ ಒಯ್ಯುವುದು ಆಡಂಬರಕ್ಕಲ್ಲ. ಒಂದು ನುಡಿಸುತ್ತಿರುವಾಗ ಇನ್ನೊಂದು ಹದಕ್ಕೆ ಬರುತ್ತಿರುತ್ತದೆ.

ಹವೆಯನ್ನು ನೋಡಿ ನೀರು ಹಾಕಬೇಕು. ಬೆಂಗಳೂರಿನ ರಾಮನವಮಿ ಪೆಂಡಾಲಿನಲ್ಲಿ, ಏಪ್ರಿಲ್ ಬಿಸಿಲಿಗೆ, ಅರ್ಧ ಗಂಟೆಗೊಮ್ಮೆ ಚಿಮುಕಿಸಬೇಕಾದೀತು. ಎಸಿ ಸಭಾಂಗಣದಲ್ಲೂ ಅದೇ ಕಥೆ, ಜೊತೆಗೆ ವೇದಿಕೆ ದೀಪದ ಕಾವು ಬೇರೆ. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಚರ್ಮ ಹೊರಗೆ ತೆಗೆದಾಗಲೇ ಸಡಿಲ. ಅಲ್ಲಿ ನೀರಿನ ಬದಲು ಟೇಬಲ್ ಲ್ಯಾಂಪಿನ ಬೆಚ್ಚಗೆ ಬೇಕು, ಒಂದಡಿ ದೂರದಲ್ಲಿ, ತಿರುಗಿಸುತ್ತ ತಿರುಗಿಸುತ್ತ. ಅಮೆರಿಕ, ಕೆನಡಾದಲ್ಲಿ ಚಳಿಗಾಲದ ಹೀಟರ್ ಹಾಕಿದ ಮನೆಯ ಗಾಳಿ ಬೆಂಗಳೂರಿನ ಬೇಸಿಗೆಗಿಂತ ಒಣ. ಅಲ್ಲಿ ವಾದ್ಯವನ್ನು ಕಪಾಟಿನೊಳಗೆ, ಹೀಟರ್ ಕಿಂಡಿಯಿಂದ ದೂರ ಇಡಿ. ಇಲ್ಲದಿದ್ದರೆ ಒಂದು ರಾತ್ರಿ ‘ಪಟ್’ ಎಂದು ತಾನಾಗಿಯೇ ಸೀಳುತ್ತದೆ.

ಎಡಗೈ

ಒಂದು ಕಾಲಕ್ಕೆ ಉಡದ ಚರ್ಮದ ವಾದ್ಯವಾಗಿದ್ದರೂ ಉಡದ ಪಟ್ಟು ಇಲ್ಲಿ ಕೆಲಸಕ್ಕೆ ಬಾರದು. ಬಿಗಿಯಾಗಿ ಹಿಡಿದರೆ ಹತ್ತು ನಿಮಿಷದಲ್ಲಿ ಹೆಬ್ಬೆರಳ ಬುಡ ನೋಯುತ್ತದೆ, ಬೆರಳು ಒತ್ತಲೂ ಬಿಡಲೂ ಆಗುವುದಿಲ್ಲ. ಬಳೆಯ ಕೆಳಭಾಗ ಎಡ ಅಂಗೈಯಲ್ಲಿ ಕೂರಲಿ, ಹೆಬ್ಬೆರಳು ಖಾಲಿ ಬದಿಯ ಕಡೆ ಮರಕ್ಕೆ ಒರಗಲಿ, ಉಳಿದ ಬೆರಳ ತುದಿ ಮರವನ್ನು ಬಳಸಿ ಚರ್ಮದ ಅಂಚಿನ ಹತ್ತಿರ ಮುಟ್ಟಿಯೂ ಮುಟ್ಟದ ಹಾಗೆ ನಿಲ್ಲಲಿ. ಬಿಲ್ಲೆಯ ಸೀಳು ಅಂಗೈಯಿಂದ ದೂರ ಇರಬೇಕು, ಇಲ್ಲದಿದ್ದರೆ ಬಿಲ್ಲೆ ಕೈಗೆ ತಾಗಿ ಮೂಕವಾಗುತ್ತದೆ. ಚಕ್ಕಳಮಕ್ಕಳ ಹಾಕಿ ಕೂತು, ಮೊಣಕೈಯನ್ನು ಪಕ್ಕೆಗೆ ಒರಗಿಸಿ, ವಾದ್ಯವನ್ನು ಎದೆಗಿಂತ ತುಸು ಕೆಳಗೆ ಹಿಡಿಯಿರಿ. ಹಿಡಿತದ ವಿವರದಲ್ಲಿ ಪಾಠಾಂತರಗಳಿವೆ. ನಿಮ್ಮ ಗುರುಗಳು ಬೇರೆ ಥರ ಹಿಡಿಸಿದರೆ ಅದನ್ನೇ ನಡೆಸಿಕೊಂಡು ಹೋಗಿ, ಎರಡನ್ನೂ ಬೆರೆಸಬೇಡಿ.

ಒಂದು ಪರೀಕ್ಷೆ: ಬಲಗೈಯಲ್ಲಿ ಮೆಲ್ಲಗೆ ಹದಿನಾರು ಪೆಟ್ಟು ಹಾಕಿ. ಬಿಲ್ಲೆ ಪ್ರತಿ ಪೆಟ್ಟಿಗೆ ‘ಚಿಕ್’ ಎಂದು ಒಮ್ಮೆ ಮಾತ್ರ ಸದ್ದು ಮಾಡಿದರೆ ಎಡಗೈ ನೆಟ್ಟಗಿದೆ. ಪೆಟ್ಟಿನ ನಡುವೆಯೂ ‘ಚಿಲಚಿಲ’ ಎನ್ನುತ್ತಿದ್ದರೆ ಎಡಗೈ ಅಲ್ಲಾಡುತ್ತಿದೆ. ಹೊಸಬರು ಬಲಗೈ ದಣಿದಾಗ ಗೊತ್ತಿಲ್ಲದೆಯೇ ವಾದ್ಯವನ್ನು ಬೆರಳಿನ ಕಡೆಗೆ ತಂದು ಬಡಿಸುತ್ತಾರೆ. ಆ ಚಿಲಿಪಿಲಿಯ ಮೂಲ ಅಲ್ಲಿ. ಒಂದು ಬಿಲ್ಲೆಯ ಅಂಚಿಗೆ ತೆಳು ಟೇಪಿನ ತುಣುಕು ಅಂಟಿಸಿ ಸದ್ದು ತಗ್ಗಿಸಬಹುದು, ಆದರೆ ಮೊದಲ ಮೂರು ತಿಂಗಳು ಅಂಟಿಸಬೇಡಿ. ನಿಮ್ಮ ತಪ್ಪನ್ನು ಹೇಳಿಕೊಡುವುದು ಆ ಬಿಲ್ಲೆಯೇ.

ಬಲಗೈಯ ಪೆಟ್ಟುಗಳು

ಉಗುರು ಕತ್ತರಿಸಿ, ಉಂಗುರ ತೆಗೆದಿಡಿ. ಒದ್ದೆ ಚರ್ಮಕ್ಕೆ ಉಗುರು ತಾಗಿದರೆ ಗೀರು ಬೀಳುತ್ತದೆ, ಸೀಳು ಅಲ್ಲಿಂದಲೇ ಹೊರಡುತ್ತದೆ.

ಮೊದಲನೆಯದು ಬಿಡಿಪೆಟ್ಟು, ‘ತೊಂ’. ತೋರುಬೆರಳನ್ನು ನೀಡಿ, ಅಂಚಿನಿಂದ ನಡುವಿನತ್ತ ಮೂರನೇ ಒಂದು ಭಾಗ ಒಳಗೆ, ಬೆರಳ ಮೊದಲ ಗೆಣ್ಣಿನ ಮಾಂಸಲ ಭಾಗದಿಂದ ತಟ್ಟಿ ಕೂಡಲೇ ಎತ್ತಿ. ಬಿಸಿ ಕಾವಲಿ ಮುಟ್ಟಿದ ಕೈ ಹಿಂದೆ ಬರುವಷ್ಟು ಬೇಗ. ಬೆರಳು ಒಂದು ಗಳಿಗೆ ಹೆಚ್ಚು ನಿಂತರೂ ನಾದ ಉಸಿರುಕಟ್ಟುತ್ತದೆ. ಎರಡನೆಯದು ಮುಚ್ಚುಪೆಟ್ಟು, ‘ತ’. ನಡುಬೆರಳು, ಉಂಗುರಬೆರಳು, ಕಿರುಬೆರಳು ಮೂರೂ ಒಂದಾಗಿ ಚರ್ಮದ ನಡುವೆ ಚಪ್ಪಟೆಯಾಗಿ ಬಿದ್ದು ಅಲ್ಲೇ ಉಳಿಯಬೇಕು. ಮೂರು ಬೆರಳು ಹಿಂದೆ ಮುಂದೆ ಬಿದ್ದರೆ ‘ತರ್’ ಎಂದು ಬಿರಿದ ಸದ್ದು ಬರುತ್ತದೆ. ಬೆರಳುಗಳ ನಡುವೆ ಸಂದಿಲ್ಲದೆ ಜೋಡಿಸಿ. ಮೂರನೆಯದು ಆ ಮೂರು ಬೆರಳು ಕೂತಿರುವಾಗಲೇ ತೋರುಬೆರಳೊಂದರಿಂದ ಹಾಕುವ ‘ಧಿ’. ಇದು ಹಗುರ, ಚುರುಕು. ನಾಲ್ಕನೆಯದು ‘ನಂ’, ತೋರುಬೆರಳ ತುದಿಯನ್ನು ಮರ ಮತ್ತು ಚರ್ಮ ಕೂಡುವ ಅಂಚಿಗೇ ಹಾಕಿ ತೆಗೆಯುವ ಮೊನಚು ಪೆಟ್ಟು. ಜತಿಯ ಅಕ್ಷರಕ್ಕೂ ಬೆರಳಿಗೂ ಗುರುಪರಂಪರೆಯಿಂದ ಪರಂಪರೆಗೆ ಜೋಡಣೆ ಬದಲಾಗುತ್ತದೆ, ಅದಕ್ಕೆ ಗಾಬರಿಯಾಗಬೇಡಿ.

ಐದನೆಯದೇ ಖಂಜಿರದ ಜೀವ. ಒಂದೇ ಕೈಯನ್ನು ಎರಡು ಕೈಯಾಗಿ ಮಾಡುವ ಉಪಾಯ ಅದು. ಅಂಗೈಯನ್ನು ಚರ್ಮದ ಎದುರು ಚಪ್ಪಟೆಯಾಗಿ ಹಿಡಿದು, ಮಣಿಕಟ್ಟನ್ನು ಬಾವಿಯ ಏತದ ಹಾಗೆ ಆಡಿಸಿ: ಬೆರಳ ತುದಿ ಬಿದ್ದಾಗ ಅಂಗೈಯ ಬುಡ ಎದ್ದಿರಬೇಕು, ಬುಡ ಬಿದ್ದಾಗ ಬೆರಳು ಎದ್ದಿರಬೇಕು. ತುದಿ, ಬುಡ, ತುದಿ, ಬುಡ. ಇಲ್ಲಿ ಕೈಯನ್ನು ದೂರದಿಂದ ತಂದು ಹೊಡೆಯುವ ಕೆಲಸವಿಲ್ಲ. ಕೈ ಚರ್ಮದಿಂದ ಎರಡು ಅಂಗುಲಕ್ಕಿಂತ ದೂರ ಹೋದರೆ ವೇಗ ಬರುವುದೇ ಇಲ್ಲ. ಮೊಣಕೈ ಅಲುಗುತ್ತಿದ್ದರೆ ಗೋಡೆಗೆ ಮೊಣಕೈ ಒರಗಿಸಿಕೊಂಡು ವಾರವೊಂದು ಅಭ್ಯಾಸ ಮಾಡಿ, ಮಣಿಕಟ್ಟು ಮಾತ್ರ ಕೆಲಸ ಮಾಡಲು ಕಲಿಯುತ್ತದೆ. ಮೊದಮೊದಲು ತುದಿಯ ಪೆಟ್ಟು ಜೋರಾಗಿ, ಬುಡದ ಪೆಟ್ಟು ಕೇಳಿಸಿಯೂ ಕೇಳಿಸದಂತೆ ಇರುತ್ತದೆ. ಬುಡದ ಪೆಟ್ಟಿಗೇ ಒತ್ತು ಕೊಟ್ಟು ಹತ್ತು ನಿಮಿಷ, ತುದಿಗೆ ಒತ್ತು ಕೊಟ್ಟು ಹತ್ತು ನಿಮಿಷ. ಕಣ್ಣು ಮುಚ್ಚಿ ಕೇಳುವವರಿಗೆ ಯಾವುದು ತುದಿ, ಯಾವುದು ಬುಡ ಎಂದು ಗೊತ್ತಾಗದ ಹಂತಕ್ಕೆ ಬರಲು ತಿಂಗಳುಗಳೇ ಬೇಕು.

ಸಾಧಕದ ಕ್ರಮ

ಕೈಗಿಂತ ಮೊದಲು ಬಾಯಿ. ಯಾವ ಪಾಠವನ್ನೂ ಬಾಯಲ್ಲಿ ಹೇಳಿ, ತೊಡೆಯ ಮೇಲೆ ತಾಳ ಹಾಕಿ, ಆಮೇಲೆ ವಾದ್ಯ ಮುಟ್ಟಿ. ಆದಿತಾಳ ಎಂದರೆ ಎಂಟು ಎಣಿಕೆ: ಒಂದು ತಟ್ಟು, ಮೂರು ಬೆರಳೆಣಿಕೆ, ಮತ್ತೆ ತಟ್ಟು ಬೀಸು, ತಟ್ಟು ಬೀಸು. ಮೆಟ್ರೊನೋಮ್ ಆ್ಯಪನ್ನು ನಿಮಿಷಕ್ಕೆ 60ಕ್ಕೆ ಇಟ್ಟು ‘ತ ಕ ಧಿ ಮಿ’ ಶುರುಮಾಡಿ. ಒಂದನೇ ಕಾಲದಲ್ಲಿ ಎಣಿಕೆಗೆ ಒಂದು ಅಕ್ಷರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಮೂರೂ ಕಾಲ ಸಲೀಸಾಗಿ, ಬಿಲ್ಲೆ ಚಿಲಿಪಿಲಿ ಇಲ್ಲದೆ ಹತ್ತು ಆವರ್ತ (ತಾಳದ ಪೂರ್ತಿ ಸುತ್ತು) ಬಂದರೆ ಮಾತ್ರ ವೇಗವನ್ನು 4 ಏರಿಸಿ. ದಿನಕ್ಕೆ 20 ನಿಮಿಷದಂತೆ ಎರಡು ಸಲ ಕೂತರೆ ಸಾಕು. ಒಂದೇ ಬಾರಿಗೆ ಎರಡು ಗಂಟೆ ಕೂತರೆ ಎಡ ಮಣಿಕಟ್ಟು ಕೈಕೊಡುತ್ತದೆ. ಸೋತು ಬರುವ ಆಯಾಸ ಬೇರೆ, ಚುಚ್ಚುವ ನೋವು ಬೇರೆ. ಚುಚ್ಚಿದರೆ ಆ ದಿನಕ್ಕೆ ಎತ್ತಿಡಿ.

ನಾಲ್ಕರ ಲೆಕ್ಕ ತುದಿ–ಬುಡದ ಕೈಗೆ ಸುಲಭ, ಪ್ರತಿ ಗುಂಪೂ ತುದಿಯಿಂದಲೇ ಶುರುವಾಗುತ್ತದೆ. ಕಷ್ಟ ಶುರುವಾಗುವುದು ‘ತಕಿಟ’ದಲ್ಲಿ. ತ ತುದಿಗೆ, ಕಿ ಬುಡಕ್ಕೆ, ಟ ತುದಿಗೆ. ಎರಡನೇ ತಕಿಟದ ತ ಬಿದ್ದಿದ್ದು ಬುಡಕ್ಕೆ! ಒತ್ತು ಬೀಳಬೇಕಾದ ಅಕ್ಷರ ದುರ್ಬಲ ಪೆಟ್ಟಿಗೆ ಸಿಕ್ಕಿತು. ತಿಶ್ರನಡೆಯಲ್ಲಿ (ಮೂರರ ನಡೆ) ಹೊಸಬರ ಲಯ ಕುಂಟುವುದು ಇದರಿಂದ, ಲೆಕ್ಕ ತಪ್ಪಿದ್ದರಿಂದಲ್ಲ. ಕೆಲವರು ತುದಿಯನ್ನೇ ಎರಡು ಸಲ ಹಾಕಿ ತಪ್ಪಿಸಿಕೊಳ್ಳುತ್ತಾರೆ. ನಿಧಾನ ಕಾಲದಲ್ಲಿ ನಡೆದೀತು, ಮೂರನೇ ಕಾಲದಲ್ಲಿ ಕೈ ತಡವರಿಸುತ್ತದೆ. ಅದಕ್ಕೆ ಬುಡದ ಪೆಟ್ಟಿನಿಂದಲೇ ತಕಿಟ ಶುರುಮಾಡುವ ಅಭ್ಯಾಸವನ್ನು ಪ್ರತ್ಯೇಕವಾಗಿ ಮಾಡಿ. ಖಂಡ ಚಾಪು ತಾಳದ ಐದು (ತಕ ತಕಿಟ), ಮಿಶ್ರ ಚಾಪು ತಾಳದ ಏಳು (ತಕಿಟ ತಕಧಿಮಿ) ಬರುವ ಹೊತ್ತಿಗೆ ಈ ಅಭ್ಯಾಸ ಕೈಹಿಡಿಯುತ್ತದೆ.

ಎಡಗೈಯ ಗುಮ್ಕಿಯನ್ನು ಮೂರು ತಿಂಗಳ ನಂತರ ತನ್ನಿ. ‘ತೊಂ’ ಹಾಕಿ, ಅರ್ಧ ಎಣಿಕೆ ಬಿಟ್ಟು, ಎಡ ಬೆರಳ ತುದಿಯಿಂದ ಅಂಚಿನ ಹತ್ತಿರ ಒತ್ತಿ ನಾದ ಏರಿಸಿ. ಇನ್ನರ್ಧ ಎಣಿಕೆಯಲ್ಲಿ ಬಿಟ್ಟು ಇಳಿಸಿ. ಒತ್ತು ಪೆಟ್ಟಿನ ಜೊತೆಗೇ ಬಿದ್ದರೆ ನಾದ ಏರುವುದಿಲ್ಲ, ಮೊದಲಿಗೇ ಮೇಲಿರುತ್ತದೆ. ಪ್ರತಿ ತೊಂಗೂ ಗುಮ್ಕಿ ಹಾಕುವ ಚಪಲ ಬಂದೇ ಬರುತ್ತದೆ. ಆವರ್ತಕ್ಕೆ ಒಂದಕ್ಕೆ ಕಟ್ಟುಹಾಕಿಕೊಳ್ಳಿ.

ಒಂದು ಮುಕ್ತಾಯ, ಬಿಡಿಸಿ ನೋಡಿದರೆ

ಆದಿತಾಳದ ಒಂದು ಆವರ್ತಕ್ಕೆ, ಎಣಿಕೆಗೆ ನಾಲ್ಕರಂತೆ, 32 ಮಾತ್ರೆ. ‘ತ ದಿ ಗಿ ಣ ತೊಂ’ ಐದು ಮಾತ್ರೆಯ ಜತಿ. ಇದನ್ನು ಮೂರು ಸಲ ಹಾಕಿ, ನಡುವೆ ಒಂದೊಂದು ಮಾತ್ರೆ ಬಿಟ್ಟು, ಕೊನೆಯ ತೊಂ ಸಮಕ್ಕೆ (ಮುಂದಿನ ಆವರ್ತದ ಮೊದಲ ಎಣಿಕೆಗೆ) ಬೀಳುವಂತೆ ಮಾಡಬೇಕು. ಲೆಕ್ಕ: ಐದು, ಒಂದು ಬಿಡುವು, ಐದು, ಒಂದು ಬಿಡುವು, ಕೊನೆಯದರಲ್ಲಿ ತೊಂಗೆ ಮೊದಲಿನ ನಾಲ್ಕು. ಕೂಡಿದರೆ 16, ಅಂದರೆ ಸರಿಯಾಗಿ ನಾಲ್ಕು ಎಣಿಕೆ. ಹಾಗಾದರೆ ಶುರು ಐದನೇ ಎಣಿಕೆಯ ತಟ್ಟಿಗೆ.

ಮೊದಲ ನಾಲ್ಕು ಎಣಿಕೆ ತಕಧಿಮಿ ನಡೆಸಿಕೊಂಡು ಬಂದು:

ಐದನೇ ಎಣಿಕೆ: ತ ದಿ ಗಿ ಣ
ಆರನೇ ಎಣಿಕೆ: ತೊಂ , ತ ದಿ
ಏಳನೇ ಎಣಿಕೆ: ಗಿ ಣ ತೊಂ ,
ಎಂಟನೇ ಎಣಿಕೆ: ತ ದಿ ಗಿ ಣ
ಸಮ: ತೊಂ

ತ ತುದಿ, ದಿ ಬುಡ, ಗಿ ತುದಿ, ಣ ಬುಡ, ತೊಂ ತೋರುಬೆರಳ ಬಿಡಿಪೆಟ್ಟು. ನಡುವೆ ಒಂದು ಮಾತ್ರೆ ಬಿಡುವಿರುವುದರಿಂದ ಕೈ ಮತ್ತೆ ತುದಿಗೆ ಬಂದು ನಿಲ್ಲಲು ಹೊತ್ತು ಸಿಗುತ್ತದೆ. ಹೊಸಬರು ಎಡವುವುದು ಆ ಬಿಡುವಿನಲ್ಲೇ: ತೊಂ ನಾದ ತುಂಬಿದ್ದರೆ ಬಿಡುವು ತಾನೇ ತುಂಬಿದಂತೆ ಕೇಳುತ್ತದೆ, ಚರ್ಮ ಒಣಗಿದ್ದರೆ ಅಲ್ಲಿ ಮೌನ ಉಳಿಯುತ್ತದೆ, ಮೌನಕ್ಕೆ ಹೆದರಿ ಮುಂದಿನ ತ ಅನ್ನು ಬೇಗ ಹಾಕಿಬಿಡುತ್ತಾರೆ. ಮುಕ್ತಾಯ ಸಮಕ್ಕಿಂತ ಮುಂಚೆ ಬೀಳುತ್ತಿದ್ದರೆ ಮೊದಲು ನೀರು ನೋಡಿಕೊಳ್ಳಿ, ಆಮೇಲೆ ಲೆಕ್ಕ.

ಪಕ್ಕವಾದ್ಯದವರ ಪಕ್ಕದಲ್ಲಿ

ಕಛೇರಿಯಲ್ಲಿ ಖಂಜಿರ ಉಪಪಕ್ಕವಾದ್ಯ. ಮೃದಂಗದವರ ಮುಖ ಕಾಣುವಂತೆ, ಅವರ ಕೈ ಕಾಣುವಂತೆ ಕೂರಬೇಕು. ಪಲ್ಲವಿಯ ಮೊದಲ ಸಾಲಿಗೇ ಧುಮುಕಬೇಡಿ; ಮೃದಂಗ ನಡೆಯನ್ನು ನೆಲೆಗೊಳಿಸಿದ ಮೇಲೆ ಸೇರಿ. ಅವರು ತುಂಬಿದಲ್ಲಿ ನೀವು ತೆಳುವಾಗಿ, ಅವರು ಬಿಟ್ಟಲ್ಲಿ ಒಂದು ತೊಂ. ನಿಧಾನಗತಿಯ ಕೃತಿಯಲ್ಲಿ ಎಷ್ಟೋ ಸಾಲು ಸುಮ್ಮನೆ ಕೂರುವುದೂ ನುಡಿಸುವುದರ ಒಂದು ಭಾಗ. ತನಿ ಆವರ್ತನದಲ್ಲಿ ಮೃದಂಗದವರು ಮೊದಲು, ನಂತರ ನೀವು. ಸರದಿ ಆವರ್ತ, ಅರ್ಧಾವರ್ತ, ಕಾಲು ಎಂದು ಕುಗ್ಗುತ್ತ ಬಂದು, ಕೊನೆಗೆ ಮುಕ್ತಾಯದತ್ತ ಒಯ್ಯುವ ಮೊಹರ, ಮೂರು ಸಲ ನುಡಿಸಿ ಮುಗಿಸುವ ಕೋರ್ವೆ ಇಬ್ಬರೂ ಸೇರಿ. ಕೋರ್ವೆಯನ್ನು ವೇದಿಕೆ ಏರುವ ಮೊದಲೇ ಬಾಯಲ್ಲಿ ಹೇಳಿಕೊಂಡು ಒಪ್ಪಿಕೊಳ್ಳಿ. ‘ಅಲ್ಲೇ ಹಿಡಿಯುತ್ತೇನೆ’ ಎನ್ನುವುದು ವರ್ಷಗಟ್ಟಲೆ ನುಡಿಸಿದವರಿಗೆ ಬಿಟ್ಟ ಮಾತು.

ಮೈಕನ್ನು ಚರ್ಮದ ಎದುರು ಒಂದು ಗೇಣು ದೂರದಲ್ಲಿ, ಬಿಲ್ಲೆಯ ಸೀಳಿನ ವಿರುದ್ಧ ಬದಿಗೆ ವಾಲಿಸಿ ಇಡಿಸಿ. ಧ್ವನಿವ್ಯವಸ್ಥೆಯವರಿಗೆ ಖಂಜಿರ ಎಂದರೆ ಗೆಜ್ಜೆ ಸದ್ದು ಎಂಬ ಭಾವನೆ ಇರುತ್ತದೆ. ಬಾಸ್ ಕತ್ತರಿಸಿ ಟ್ರೆಬಲ್ ಏರಿಸಿಬಿಡುತ್ತಾರೆ. ಪರೀಕ್ಷೆಗೆ ಕೂತಾಗ ತಕಧಿಮಿ ಬಾರಿಸದೆ ನಾಲ್ಕೈದು ಬಿಡಿ ತೊಂ ಹಾಕಿ, ‘ಇದು ಕೇಳಿಸಬೇಕು’ ಎಂದು ಹೇಳಿ.

ನುಡಿಸಿ ಮುಗಿದ ಮೇಲೆ, ಚರ್ಮ ಹೋದ ಮೇಲೆ

ಹಸಿ ಚರ್ಮದ ಖಂಜಿರವನ್ನು ನೇರ ಚೀಲಕ್ಕೆ ಹಾಕಬೇಡಿ, ಎರಡು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ನೆರಳಿನಲ್ಲಿ, ಚರ್ಮ ಮೇಲಾಗಿ, ಒಂದು ಗಂಟೆ ಆರಲು ಬಿಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋದರೆ ಮಾತ್ರ ಆ ದೇವರೇ ಗತಿ.

ಅಂಚು ಒಂದೆಡೆ ಎದ್ದಿದ್ದರೆ ಅಲ್ಲಿಗೆ ಮಾತ್ರ ಅಂಟು ಹಾಕಿ ದಾರ ಸುತ್ತಿ ರಾತ್ರಿಯಿಡೀ ಬಿಟ್ಟರೆ ಕೂರುತ್ತದೆ. ಚರ್ಮ ಸೀಳಿದರೆ ಹೊಸದನ್ನೇ ಹೊದಿಸಬೇಕು. ಕೈಗೆ ಸ್ವಲ್ಪ ಕೆಲಸ ಗೊತ್ತಿದ್ದವರು ಮನೆಯಲ್ಲೇ ಮಾಡಬಹುದು. ಕೂದಲು ತೆಗೆದ ತೆಳು ಆಡಿನ ಚರ್ಮವನ್ನು, ಬಳೆಗಿಂತ ಸುತ್ತಲೂ 2 ಅಂಗುಲ ಹೆಚ್ಚಿಗೆ ಕತ್ತರಿಸಿ, ಬಟ್ಟೆಯಂತೆ ಮೆತ್ತಗಾಗುವವರೆಗೆ ತಣ್ಣೀರಿನಲ್ಲಿ ನೆನೆಸಿ. ಬಿಸಿನೀರು ಹಾಕಿದರೆ ಚರ್ಮ ಮುದುರಿಹೋಗುತ್ತದೆ. ಬಳೆಯ ಮೇಲಿನ ಹಳೆಯ ಅಂಟನ್ನು ಉಜ್ಜುಕಾಗದದಿಂದ ತೆಗೆದು, ಮರಗೆಲಸದ ಬಿಳಿ ಅಂಟನ್ನು ಹೊರಮೈ ಅಂಚಿಗೆ ಒಂದು ಅಂಗುಲ ಅಗಲಕ್ಕೆ ಬಳಿಯಿರಿ. ಅದಕ್ಕಿಂತ ಕೆಳಗೆ ಇಳಿದರೆ ಬಿಲ್ಲೆಯ ಸೀಳು ಮುಚ್ಚಿಹೋಗುತ್ತದೆ, ನೋಡಿಕೊಳ್ಳಿ. ಚರ್ಮ ಹೊದಿಸಿ, ಎದುರುಬದುರಾಗಿ ಎಳೆಯುತ್ತ ಬನ್ನಿ: ಮೇಲೆ ಎಳೆದರೆ ಮುಂದಿನದು ಕೆಳಗೆ, ಎಡಕ್ಕೆ ಎಳೆದರೆ ಮುಂದಿನದು ಬಲಕ್ಕೆ. ನೆರಿಗೆ ಹೋಗುವಷ್ಟು ಬಿಗಿ ಸಾಕು, ತಮಟೆಯಂತೆ ಬಿಗಿಯಬೇಡಿ. ಒಣಗುವಾಗ ಚರ್ಮ ತಾನೇ ಬಿಗಿಯುತ್ತದೆ. ಹಸಿಯಲ್ಲೇ ಪೂರ್ತಿ ಎಳೆದಿದ್ದರೆ ಒಣಗುವ ರಾತ್ರಿಯೇ ಸೀಳುತ್ತದೆ, ಸೀಳದಿದ್ದರೂ ಎಷ್ಟು ನೀರು ಹಾಕಿದರೂ ಮಂದ್ರಕ್ಕೆ ಇಳಿಯದ ಮೊಂಡು ವಾದ್ಯವಾಗುತ್ತದೆ. ದಪ್ಪ ದಾರವನ್ನು ಬಿಗಿಯಾಗಿ ಸುತ್ತಿ ನೆರಳಿನಲ್ಲಿ ಎರಡು ದಿನ ಬಿಡಿ. ದಾರ ಬಿಚ್ಚಿದ ಮೇಲೆ ಹೆಚ್ಚುವರಿ ಅಂಚನ್ನು ಬ್ಲೇಡಿನಿಂದ ಕತ್ತರಿಸಿ.

ಹೊಸ ಚರ್ಮಕ್ಕೆ ಮೊದಲ ಒಂದೆರಡು ವಾರ ನೀರು ಜಾಸ್ತಿ ಬೇಕು, ಹದವೂ ಬೇಗ ಇಳಿದುಹೋಗುತ್ತದೆ. ಅಷ್ಟು ದಿನ ಅದನ್ನು ಮನೆಯ ಸಾಧಕಕ್ಕೆ ಇಟ್ಟುಕೊಂಡು, ವೇದಿಕೆಗೆ ಹಳೆಯದನ್ನೇ ಒಯ್ಯಿರಿ.